ನೇರಳೆ ಶರಟು ಮತ್ತು ನನ್ನ ಮೌನವ್ರತ

ಒಂದೊಂದು ಕಸುಬೂ ಮನುಷ್ಯನಿಗೆ ಸಂಬಳದ ಜೊತೆಗೆ ಒಂದು ಚಟವನ್ನೂ ಅಂಟಿಸಿ ಮನೆಗೆ ಕಳಿಸುತ್ತದೆ. ನಮ್ಮ ಬೀದಿಯಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರು ಮದುವೆಯ ಕರೆಯೋಲೆ ಕೈಗೆ ಬಂದ ಕೂಡಲೇ ಹುಡುಗ ಹುಡುಗಿಯ ಹೆಸರನ್ನು ನೋಡುವುದಿಲ್ಲ, ಅದರಲ್ಲಿರುವ ಕಾಗುಣಿತದ ತಪ್ಪುಗಳನ್ನು ಹುಡುಕುತ್ತಾರೆ. ಎದುರುಮನೆಯ ಹಲ್ಲಿನ ಡಾಕ್ಟರು ನಾವು ನಕ್ಕರೆ ನಗುವನ್ನು ನೋಡುವುದಿಲ್ಲ, ದವಡೆಯನ್ನು ನೋಡುತ್ತಾರೆ. ಅವರ ಮುಂದೆ ಬಾಯಿ ತೆರೆದು ನಕ್ಕು ಎಷ್ಟೋ ಕಾಲವಾಯಿತು. ನನಗೆ ಅಂಟಿರುವುದು ಬಟ್ಟೆಯ ಚಟ. ಉಡುವ ಚಟವಲ್ಲ, ಆ ವಿಷಯದಲ್ಲಿ ನಾನು ತೀರ ಸಾಧಾರಣ ಮನುಷ್ಯ. ಬೇರೆಯವರು ಉಟ್ಟಿದ್ದನ್ನು ದಿಟ್ಟಿಸುವ, ಸಾಧ್ಯವಾದರೆ ಮುಟ್ಟುವ, ಅವಕಾಶ ಸಿಕ್ಕರೆ ಅಂಚಿನಿಂದ ಒಂದು ಎಳೆ ಕಿತ್ತು ನೋಡುವ ಚಟ. "ನಿಮಗೆ ಮನುಷ್ಯರು ಕಾಣಲ್ಲ ಕಣ್ರೀ, ಬರೀ ಬಟ್ಟೆ ನಡ್ಕೊಂಡು ಹೋಗೋದು ಕಾಣುತ್ತೆ" ಎಂದು ನನ್ನ ಹೆಂಡತಿ ಮಂಜುಳ ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಆಗ ಅದನ್ನು ಮೆಚ್ಚುಗೆ ಎಂದುಕೊಂಡಿದ್ದೆ.

ದೊಡ್ಡಬಳ್ಳಾಪುರದ ಹೊರಗೆ, ಹತ್ತಿಯಿಂದ ನೂಲು ತೆಗೆದು, ಬಟ್ಟೆ ನೇಯ್ದು, ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ನಾನು ಗುಣಮಟ್ಟ ವಿಭಾಗದವನು. ಒಳಗೆ ಬರುವ ಹತ್ತಿಯನ್ನೂ ಹೊರಗೆ ಹೋಗುವ ಬಟ್ಟೆಯನ್ನೂ ಪರೀಕ್ಷಿಸುವುದು ನನ್ನ ಕೆಲಸ. ಆದರೆ ನಮ್ಮದು ರೇಷ್ಮೆಯವರ ಊರು. ಬೀದಿಗೆ ಕಿವಿಗೊಟ್ಟರೆ ಮನೆಮನೆಯಿಂದಲೂ ಮಗ್ಗದ ಸದ್ದು ಕೇಳುತ್ತದೆ, ಎಲ್ಲವೂ ರೇಷ್ಮೆ ಸೀರೆ, ಇಲ್ಲವೇ ರೇಷ್ಮೆಯಂತೆ ಹೊಳೆಯುವ ಸೀರೆ. ಅಂಥ ಊರಿನಲ್ಲಿ ಹತ್ತಿಯವನಿಗೆ ಅಷ್ಟೇನೂ ಮರ್ಯಾದೆ ಇರುವುದಿಲ್ಲ. "ಹತ್ತೀಲಿ ಏನಿದೆ ಸಾರ್ ಟೆಸ್ಟ್ ಮಾಡಕ್ಕೆ? ಬೆಳ್ಳಗಿದ್ರೆ ಹತ್ತಿ, ಅಷ್ಟೇ ತಾನೇ?" ಎಂದು ಪಕ್ಕದ ಮನೆಯ ಸೀರೆ ವ್ಯಾಪಾರಿ ಒಮ್ಮೆ ಕೇಳಿದರು. ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಉತ್ತರ ಹೇಳಲು ಶುರುಮಾಡಿದೆ. ಊಟದ ಹೊತ್ತು ಮೀರಿದರೂ ಅದು ಮುಗಿಯಲಿಲ್ಲ. ಅಂದಿನಿಂದ ಅವರು ನಮ್ಮ ಮನೆಯ ಮುಂದೆ ಹಾಯುವಾಗಲೆಲ್ಲ ಫೋನನ್ನು ಕಿವಿಗೆ ಒತ್ತಿಕೊಂಡು ಬಿರಬಿರನೆ ನಡೆದುಬಿಡುತ್ತಾರೆ.

ನಿಮಗೆ ಅಷ್ಟು ಉದ್ದಕ್ಕೆ ಹೇಳುವುದಿಲ್ಲ, ಹೆದರಬೇಡಿ. ಮುಂದಿನ ಕಥೆಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಹತ್ತಿಯ ಎಳೆಗೂ ಮನುಷ್ಯರ ಹಾಗೆ ಒಂದೊಂದು ಗುಣವಿದೆ. ಎಳೆ ಉದ್ದವಾಗಿದ್ದರೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡು ನಯವಾದ ನೂಲಾಗುತ್ತದೆ. ಗಿಡ್ಡವಾಗಿದ್ದರೆ, ತೊಟ್ಟಿಲ್ಲದ ಮಲ್ಲಿಗೆಯನ್ನು ಕಟ್ಟಲು ಕೂತ ಹಾಗೆ. ಎಷ್ಟು ಬಿಗಿದರೂ ಜಾರುತ್ತದೆ, ನೂಲು ಯಂತ್ರದಲ್ಲೇ ಪಟಪಟ ಹರಿಯುತ್ತದೆ, ಹರಿಯದೆ ಉಳಿದದ್ದು ಬಟ್ಟೆಯಾದ ಮೇಲೆ ಮೈಯೆಲ್ಲ ಜುಂಗು ಜುಂಗಾಗಿ ಗಂಟು ಕಟ್ಟುತ್ತದೆ. ಇನ್ನು ಎಳೆ ಗಿಡದಲ್ಲೇ ಚೆನ್ನಾಗಿ ಬಲಿತಿರಬೇಕು. ಬಲಿಯದ ಎಳೆ ಜೊಳ್ಳು ಕಡಲೆಕಾಯಿಯಂತೆ, ಹೊರಗಿನಿಂದ ನೋಡಲು ಕಾಯಿಯೇ, ಒಳಗೆ ಏನೂ ಇಲ್ಲ. ಅದು ಬಣ್ಣವನ್ನೇ ಕುಡಿಯುವುದಿಲ್ಲ. ಬಲಿತದ್ದನ್ನೂ ಬಲಿಯದ್ದನ್ನೂ ಬೆರೆಸಿ ನೇಯ್ದುಬಿಟ್ಟರೆ, ಬಣ್ಣ ಹಾಕುವ ತನಕ ಬಟ್ಟೆ ಪರಮ ಸಾಧುವಿನ ಹಾಗೆ ಇರುತ್ತದೆ. ಬಣ್ಣದ ತೊಟ್ಟಿಯಿಂದ ಮೇಲೆದ್ದಾಗ ಮೈತುಂಬ ಅಡ್ಡಪಟ್ಟೆ, ಅದರ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈ ಜ್ಞಾನದಿಂದ ನನಗೆ ಮಿಲ್ಲಿನಲ್ಲಿ ಸಂಬಳ ಸಿಕ್ಕಿದೆ, ಮಿಲ್ಲಿನ ಹೊರಗೆ ಬೈಗುಳ ಸಿಕ್ಕಿದೆ. ಒಮ್ಮೆ ಬೆಂಗಳೂರಿನ ಬಸ್ಸಿನಲ್ಲಿ ಮುಂದಿನ ಸೀಟಿನ ಮಹನೀಯರ ಹೆಗಲ ಮೇಲೆ ಇಂಥ ಜುಂಗಿನ ಗಂಟುಗಳು ಸಾಲಾಗಿ ಕೂತಿದ್ದವು. ಯಲಹಂಕದವರೆಗೆ ತಡೆದುಕೊಂಡೆ. ಆಮೇಲೆ ಕೈ ನನ್ನ ಮಾತು ಕೇಳಲಿಲ್ಲ. ಒಂದನ್ನು ಮೆಲ್ಲಗೆ ಕಿತ್ತು ಬೆಳಕಿಗೆ ಹಿಡಿದೆ. ಅವರು ತಿರುಗಿ, "ಏನ್ ಗುರು, ಏನ್ ಕೀಳ್ತಾ ಇದೀಯ?" ಎಂದು ಗದರಿದರು. "ಗಿಡ್ಡ ಎಳೆ ಸಾರ್, ನೂಲಿಗೆ ಸರಿಯಾಗಿ ಹುರಿ ಬಿದ್ದಿಲ್ಲ" ಎಂದೆ. ಅವರು ತಮ್ಮ ಚೀಲ ಎತ್ತಿಕೊಂಡು ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕುಳಿತರು. ಮನೆಯಲ್ಲೂ ಇದೇ ಪಾಡು. ಹೊಸ ಟವೆಲ್ ನೀರು ಹೀರುವುದಿಲ್ಲ ಎಂದು ಮಂಜುಳ ಗೊಣಗಿದರೆ, ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ಬರುವ ಮೇಣದ ಬಗ್ಗೆ, ಅದನ್ನು ಬೇಯಿಸಿ ತೆಗೆಯದಿದ್ದರೆ ಆಗುವ ಅನಾಹುತದ ಬಗ್ಗೆ ನಾನು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ವಿವರಿಸುತ್ತೇನೆ. "ಅದೆಲ್ಲ ಆಮೇಲೆ ಹೇಳಿ, ಮೊದ್ಲು ಹಳೇ ಟವೆಲ್ ಕೊಡಿ" ಎಂದು ಒಳಗಿನಿಂದ ಕೂಗು ಬರುತ್ತದೆ. ಒಣಹವೆಗೆ ನೂಲು ಹರಿಯುತ್ತದೆ ಎಂದು ಮಿಲ್ಲಿನಲ್ಲಿ ಹತ್ತಿಗೆ ದಿನವಿಡೀ ತಂಪು ತೇವದ ಗಾಳಿ ಹಾಯಿಸುತ್ತಾರೆಂದು ಒಮ್ಮೆ ಹೇಳಿದ್ದಕ್ಕೆ, ನಮ್ಮ ಮನೆಯ ಕೂಲರ್ ಕೆಟ್ಟು ಎಷ್ಟು ಕಾಲವಾಯಿತೆಂದು ಕೇಳಿದಳು.

ಇಷ್ಟಾದರೆ ಪರವಾಗಿರಲಿಲ್ಲ. ಎರಡು ವರ್ಷದ ಹಿಂದಿನ ದೀಪಾವಳಿ ಇದನ್ನೆಲ್ಲ ಮೀರಿಸಿಬಿಟ್ಟಿತು. ಹಬ್ಬಕ್ಕೆಂದು ನಾವು ಆವತಿಯ ಹತ್ತಿರದ ಮಂಜುಳಳ ತವರಿಗೆ ಹೋಗಿದ್ದೆವು. ಅವಳಿಗೆ ಒಬ್ಬನೇ ತಮ್ಮ, ಮುನಿರಾಜು. ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ವಿಭಾಗದ ಮೇಲ್ವಿಚಾರಕ. ಒಳ್ಳೆಯ ಹುಡುಗ, ಬಾಯಿ ಸ್ವಲ್ಪ ದೊಡ್ಡದು. ಹಬ್ಬದ ಅಳಿಯನಾದ ನನಗೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಪಂಚೆ ಶಲ್ಯ ಇಟ್ಟುಕೊಟ್ಟ. ನೆಂಟರಿಷ್ಟರೆಲ್ಲ ಸುತ್ತ ನಿಂತಿದ್ದರು. "ಅಪ್ಪಟ ಹತ್ತಿ ಭಾವ, ನಿಮಗೇಂತ್ಲೇ ಹುಡುಕಿ ತಂದಿದೀನಿ" ಎಂದ. ನಾನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಸುಮ್ಮನಿರಬೇಕಾಗಿತ್ತು. ಕಣ್ಣಿಗೊತ್ತಿಕೊಳ್ಳುವಾಗಲೇ ಕೆನ್ನೆಗೆ ಅನುಮಾನ ಬಂತು. ಬೆರಳು ಅಂಚಿಗೆ ಹೋಯಿತು. ಒಂದು ಎಳೆ ಬಂತು. ದೀಪಾವಳಿಯಾದ್ದರಿಂದ ಮೊಣಕೈ ದೂರದಲ್ಲೇ ದೀಪವಿತ್ತು. ಅಪ್ಪಟ ಹತ್ತಿಯಾದರೆ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗಬೇಕು. ಇದು ದೀಪವನ್ನು ಕಂಡ ಕೂಡಲೇ ಮುದುಡಿಕೊಂಡು, ಕಪ್ಪು ಹೊಗೆ ಬಿಟ್ಟು, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಮಣಿಯಾಯಿತು. ದೇವರ ಮುಂದಿನ ಊದುಬತ್ತಿಯ ಪರಿಮಳದ ನಡುವೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹರಡಿತು. "ಅರ್ಧಕ್ಕರ್ಧ ಪಾಲಿಯೆಸ್ಟರು" ಎಂದು ನಾನು ಪ್ರಕಟಿಸಿದೆ. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುನಿರಾಜುವಿನ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ, ಮಣಿಯನ್ನು ನೋಡುತ್ತಿದ್ದೆ.

ಈಗಲೂ ಹೇಳುತ್ತೇನೆ, ಪರೀಕ್ಷೆಯ ಫಲಿತಾಂಶದಲ್ಲಿ ತಪ್ಪಿರಲಿಲ್ಲ. ಆದರೆ ಸಂಬಂಧದ ಫಲಿತಾಂಶ ಬೇರೆಯೇ ಆಯಿತು. ಮುನಿರಾಜು ಅಕ್ಕನ ಹತ್ತಿರವೇ ಇರಬೇಕೆಂದು ನಮ್ಮ ಮನೆಯಿಂದ ಸ್ವಲ್ಪ ಆಚೆಗೆ, ಘಾಟಿ ರಸ್ತೆಯ ಕಡೆಯ ಹೊಸ ಬಡಾವಣೆಯಲ್ಲಿ ಸೈಟು ಕೊಂಡು ಮನೆ ಕಟ್ಟಿಸುತ್ತಿದ್ದ. ಮೊದಲೆಲ್ಲ ಕೆಲಸ ನೋಡಲು ಬಂದಾಗ ನಮ್ಮ ಮನೆಯಲ್ಲೇ ತಿಂಡಿ, ಕಾಫಿ, ಹರಟೆ. ದೀಪಾವಳಿಯ ನಂತರ ಬೈಕು ನಮ್ಮ ಮನೆ ಮುಂದೆಯೇ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅದರ ಸದ್ದು ಮಂಜುಳಳಿಗೆ ಬೀದಿಯ ತುದಿಯಿಂದಲೇ ತಿಳಿಯುತ್ತಿತ್ತು. ಒಲೆ ಸಣ್ಣದು ಮಾಡಿ ಕಿಟಕಿಗೆ ಬರುವಳು, ಸದ್ದು ಕರಗಿದ ಮೇಲೆ ಮತ್ತೆ ಒಳಗೆ ಹೋಗುವಳು. ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡುವುದನ್ನು ಮಾತ್ರ ಅವನು ತಪ್ಪಿಸಲಿಲ್ಲ. ಬಂದ, ಗೇಟಿನಲ್ಲೇ ನಿಂತು ಮೊರದ ಬಾಗಿನ ಕೊಟ್ಟ, ಹೆಲ್ಮೆಟ್ ತೆಗೆಯಲಿಲ್ಲ. ಅಷ್ಟಕ್ಕೇ ಹೊರಟೂಬಿಟ್ಟ. ಮಂಜುಳ ಆ ಬಾಗಿನವನ್ನು ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದಳು. "ನನ್ನ ತಮ್ಮನ ಮುಖ ನೋಡದೆ ಬಾಗಿನ ಇಸ್ಕೊಂಡೆ ಕಣ್ರೀ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅಂದು ನನಗೆ ನಿಜಕ್ಕೂ ನೋವಾಯಿತು.

ಮನೆ ಮುಗಿಯಿತು, ಬೇಸಿಗೆಯಲ್ಲಿ ಗೃಹಪ್ರವೇಶವೆಂದು ಗೊತ್ತಾಯಿತು. ನಮ್ಮ ಅತ್ತೆಯವರು ಮಧ್ಯೆ ನಿಂತು, ಅಕ್ಕ ಭಾವ ಇಲ್ಲದೆ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ ಎಂದು ಮಗನಿಗೆ ಖಡಾಖಂಡಿತವಾಗಿ ಹೇಳಿದರಂತೆ. ಮುನಿರಾಜು ಬಂದು ಕರೆದ. ಹೆಲ್ಮೆಟ್ ಕೈಯಲ್ಲಿತ್ತು, ಕೂರಲಿಲ್ಲ. ಅವನು ಬಂದು ಹೋದ ವಾರವೇ ಮಂಜುಳ ನನ್ನನ್ನು ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದಳು. ದರ್ಶನ ಮುಗಿಸಿ ಪ್ರದಕ್ಷಿಣೆ ಬರುವಾಗ ನಿಂತು, "ಇಲ್ಲೇ ಮಾತು ಕೊಡಿ. ಮುನಿರಾಜುನ ಮುಂದೆ, ನನ್ನ ತವರಿನೋರ ಮುಂದೆ, ಇನ್ಮೇಲೆ ಬಟ್ಟೆ ವಿಷ್ಯ ಕೆಟ್ಟದಾಗಿ ಮಾತಾಡಲ್ಲ ಅಂತ" ಎಂದಳು. ಬೇರೆ ಯಾವ ದೇವರಾದರೂ ಸ್ವಲ್ಪ ಚೌಕಾಸಿ ಮಾಡುತ್ತಿದ್ದೆನೋ ಏನೋ. ಸುಬ್ಬಪ್ಪನ ಮುಂದೆ ಕೊಟ್ಟ ಮಾತು ಮುರಿಯುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. "ಆಡಲ್ಲ" ಎಂದೆ. "ಸುಡೋದೂ ಇಲ್ಲ" ಎಂದಳು. "ಸುಡೋದೂ ಇಲ್ಲ" ಎಂದೆ.

ಈಗ ಸ್ವಲ್ಪ ಮಿಲ್ಲಿಗೆ ಹೋಗಿ ಬರೋಣ. ಅದೇ ದಿನಗಳಲ್ಲಿ ನನಗೂ ನಮ್ಮ ಉತ್ಪಾದನಾ ವಿಭಾಗದ ಮ್ಯಾನೇಜರ್ ಗೋಪಿನಾಥರಿಗೂ ದೊಡ್ಡ ಜಗಳವಾಗಿತ್ತು. ಒಂದು ಕಡೆಯಿಂದ ಬಂದ ಹತ್ತಿಯಲ್ಲಿ ಬಲಿಯದ ಎಳೆ ಬಹಳವಿದೆ, ಒಳ್ಳೆಯ ಹತ್ತಿಯ ಜೊತೆ ಬೆರೆಸಬೇಡಿ ಎಂದು ನಾನು ಬಡಕೊಂಡಿದ್ದೆ. ಅವಸರದಲ್ಲಿ ಬೆರೆಸಿಯೇಬಿಟ್ಟರು. ನೇರಳೆ ಬಣ್ಣ ಹಾಕಿದರು. ಗಾಢ ಬಣ್ಣ ಯಾವುದನ್ನೂ ಮುಚ್ಚಿಡುವುದಿಲ್ಲ. ತಪಾಸಣೆಯ ಮೇಜಿನ ಮೇಲೆ ಬಟ್ಟೆ ಹರಿದು ಬಂದಾಗ ನೋಡುತ್ತೇನೆ, ಒಂದು ಪಟ್ಟೆ ಗಾಢ, ಒಂದು ಪಟ್ಟೆ ತಿಳಿ, ಮೇಲೆಲ್ಲ ರವೆ. "ಯಾರಿಗ್ರೀ ಕಾಣುತ್ತೆ ಇದು?" ಎಂದು ಗೋಪಿನಾಥ್ ಕೂಗಾಡಿದರು. "ನನಗೆ ಕಾಣುತ್ತೆ" ಎಂದೆ. ನಮ್ಮಲ್ಲಿ ಪಾಸಾದ ಬಟ್ಟೆಯ ಅಂಚಿನುದ್ದಕ್ಕೂ ಅಲ್ಲಲ್ಲಿ ಹಸಿರು ಗೀಟು, ತಿರಸ್ಕರಿಸಿದ್ದಕ್ಕೆ ಕೆಂಪು ಗೀಟು, ಪಕ್ಕದಲ್ಲಿ ಪರೀಕ್ಷಕನ ಪುಟ್ಟ ಸಹಿ. ನಾನು ಆ ನೇರಳೆ ಬಟ್ಟೆಗೆ, ಒಂದು ಥಾನನ್ನೂ ಬಿಡದೆ, ಕೆಂಪು ಗೀಟು ಎಳೆದು ಸಹಿ ಹಾಕಿದೆ. ಸಹಿಯ ಕೆಳಗಿನ ಗೆರೆಯನ್ನು ಸ್ವಲ್ಪ ಗರ್ವದಿಂದಲೇ ಉದ್ದಕ್ಕೆ ಎಳೆದೆ. ಮುಂದಿನ ಕೆಲಸಗಳನ್ನೂ ಮಾಡದೆ ಅದನ್ನು ಹಾಗೆಯೇ ಕಡಿಮೆ ಬೆಲೆಗೆ ಯಾರಿಗೋ ಮಾರಿ ಕೈತೊಳೆದುಕೊಂಡರು. ಅಂದು ಮನೆಗೆ ಬರುವಾಗ ನನ್ನ ಎದೆ ಒಂದಿಂಚು ಉಬ್ಬಿತ್ತು.

ಈಗಿನ ಗೃಹಪ್ರವೇಶಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಮನೆಮಂದಿಯೆಲ್ಲ ಒಂದೇ ಬಣ್ಣದ ಬಟ್ಟೆ ತೊಡಬೇಕು, ಇಲ್ಲದಿದ್ದರೆ ಫೋಟೋದಲ್ಲಿ ನೆಂಟರು ಯಾರು, ಅಡುಗೆಯವರು ಯಾರು ತಿಳಿಯುವುದಿಲ್ಲವಂತೆ. ಗಂಡಸರಿಗೆ ಶರಟು, ಹೆಂಗಸರಿಗೆ ಕೆನೆ ಬಣ್ಣದ ಸೀರೆಯ ಜೊತೆಗೆ ರವಿಕೆ, ಹೆಣ್ಣುಮಕ್ಕಳಿಗೆ ಚೂಡಿದಾರ. ಎಲ್ಲದಕ್ಕೂ ಮುನಿರಾಜುವೇ ಒಟ್ಟಿಗೆ ಬಟ್ಟೆ ತಂದು ಹೊಲಿಸಿದ್ದ. ನಮ್ಮ ಪಾಲಿನ ಪೊಟ್ಟಣ ಗೃಹಪ್ರವೇಶದ ಹಿಂದಿನ ದಿನ ಬಂತು. ಮಂಜುಳ ಬಿಚ್ಚಿದಳು. ನೇರಳೆ. ಶರಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಪಟ್ಟೆ, ರವೆ, ಎಲ್ಲ ಹಳೆಯ ಪರಿಚಯದವರೇ. ಒಳಮಗ್ಗುಲು ತಿರುಗಿಸಿದೆ. ಗುಂಡಿಪಟ್ಟಿಯ ಒಳಗೆ ದರ್ಜಿ ಬಟ್ಟೆ ಉಳಿಸಲೆಂದು ಅಂಚನ್ನೂ ಸೇರಿಸಿ ಹೊಲಿದುಬಿಟ್ಟಿದ್ದ. ಅಲ್ಲಿ ಕೆಂಪು ಗೀಟು, ನನ್ನ ಸಹಿ, ಕೆಳಗೆ ಆ ಉದ್ದನೆಯ ಗೆರೆ. ಸರಿಯಾಗಿ ಎದೆಯ ಮೇಲೆ ಬರುವ ಹಾಗೆ. "ಬಣ್ಣ ಹೆಂಗಿದೆ?" ಎಂದು ಮಂಜುಳ ಕೇಳಿದಳು. "ಬಣ್ಣ ಚೆನ್ನಾಗಿದೆ" ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ಮರುದಿನ ಬೆಳಗ್ಗೆ ಹೊಸ ಮನೆಯ ಹೊಸ್ತಿಲು ದಾಟಿದಾಗ ನನಗೆ ತಲೆ ಸುತ್ತಿತು. ಮಿಲ್ಲಿನಿಂದ ನಾನು ಓಡಿಸಿದ್ದ ಬಟ್ಟೆಯಷ್ಟೂ ಅಲ್ಲಿ ಓಡಾಡುತ್ತಿತ್ತು. ಅತ್ತೆಯ ರವಿಕೆಯ ತೋಳಿನಲ್ಲಿ ಗಾಢ ಪಟ್ಟೆ, ಮುನಿರಾಜುವಿನ ಬೆನ್ನಿನಲ್ಲಿ ತಿಳಿ ಪಟ್ಟೆ, ಹೋಮದ ಮುಂದೆ ಕೂತವರ ಹೆಗಲ ಮೇಲೆಲ್ಲ ರವೆ. ಪೂರ್ವದ ಕಿಟಕಿಯಿಂದ ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು, ತಪಾಸಣೆಗೆ ಅದಕ್ಕಿಂತ ಒಳ್ಳೆಯ ಬೆಳಕು ಇಲ್ಲ. ಗೋಡೆಯ ಬಣ್ಣ ನೋಡೋಣ ಎಂದು ತಿರುಗಿದರೆ ಗೋಡೆಗೆ ಒರಗಿ ಒಂದು ಚೂಡಿದಾರ ನಿಂತಿರುತ್ತಿತ್ತು. ದೇವರ ಕಡೆ ನೋಡೋಣ ಎಂದರೆ ಪೀಠದ ಮೇಲೆ ಹಾಸಿದ್ದೂ ಅದೇ ಬಟ್ಟೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಓಡಾಡಿದೆ. ಮಂಜುಳ ಎಲ್ಲಿದ್ದರೂ ಅವಳ ಒಂದು ಕಣ್ಣು ನನ್ನ ಮೇಲಿತ್ತು.

ಹೊಸಕೋಟೆಯಿಂದ ಬಂದಿದ್ದ ಮಂಜುಳಳ ಸೋದರತ್ತೆ ನನ್ನ ತೋಳನ್ನೇ ಹಿಡಿದು ಸವರಿ, "ಇದೇನಪ್ಪಾ, ಒಳಗೊಳಗೇ ಗೆರೆ ಗೆರೆ ಐತೆ? ಭಾಳ ಚೆಂದಾಗೈತೆ" ಎಂದರು. ಮುನಿರಾಜು ಆ ಕಡೆಯಿಂದ, "ಸೆಲ್ಫ್ ಡಿಸೈನು ಅತ್ತೆ, ಈಗ ಇದೇ ಫ್ಯಾಶನ್ನು" ಎಂದ. ಅವರು ಇನ್ನೂ ಹತ್ತಿರ ಬಾಗಿ, "ಮ್ಯಾಲೆ ಬೆಳ್ಳಿ ಚುಕ್ಕಿ ಬೇರೆ ಇಟ್ಟವ್ರೆ!" ಎಂದು ಬಾಯಿ ಚಪ್ಪರಿಸಿದರು. ಬೆಳ್ಳಿ ಚುಕ್ಕಿ! ಬಲಿಯದೆ ಸತ್ತ ಎಳೆಗಳು, ಬಣ್ಣ ಕುಡಿಯಲಾರದೆ ಬೆಳ್ಳಗೆ ಉಳಿದ ಜೊಳ್ಳುಗಳು! ನನ್ನ ಗಂಟಲಿಗೆ ಇಡೀ ಉಪನ್ಯಾಸ ಬಂದು ನಿಂತಿತು. ಅಲ್ಲೇ ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ತೆಗೆದು ಹಾಗೆಯೇ ಬಾಯಿಗೆ ತುರುಕಿಕೊಂಡೆ. ಅಂದು ನಾನು ಎಷ್ಟು ಒಬ್ಬಟ್ಟು ತಿಂದೆನೆಂದು ನೆನಪಿಲ್ಲ. ಯಾರಾದರೂ ಬಟ್ಟೆಯ ಮಾತೆತ್ತಿದಾಗಲೆಲ್ಲ ಒಂದೊಂದು.

ಊಟಕ್ಕೆ ಮುಂಚೆ ಎಲ್ಲರನ್ನೂ ನಡುಮನೆಯಲ್ಲಿ ನಿಲ್ಲಿಸಿ ಫೋಟೋ ತೆಗೆಯಲು ಹೊರಟರು. ಫೋಟೋದವನು ಕ್ಯಾಮೆರಾದೊಳಗೆ ಇಣುಕಿ ನೋಡಿ, ಕಣ್ಣು ಉಜ್ಜಿಕೊಂಡು, "ಅಣ್ಣಾ, ಎಲ್ಲರ ಮೇಲೂ ಪಟ್ಟೆ ಪಟ್ಟೆ ಬರ್ತಿದೆ, ಬಟ್ಟೇಲೇ ಇದೆಯಾ, ನನ್ನ ಲೆನ್ಸಲ್ಲಾ?" ಎಂದುಬಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಮುನಿರಾಜು ಸಾಲಿನಿಂದ ಹೊರಗೆ ಬಂದು ನನ್ನ ಎದುರು ನಿಂತ. ಬೆಳಗ್ಗಿನಿಂದ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. "ನೀವೇ ಹೇಳಿ ಭಾವ. ಬಟ್ಟೆ ಹೆಂಗಿದೆ?" ನನ್ನ ಪಕ್ಕದಲ್ಲೇ ಎಣ್ಣೆ ದೀಪದ ಕಂಬವಿತ್ತು. ನಮ್ಮ ಅತ್ತೆಯವರು ಅದನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ಮಂಜುಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಮುನಿರಾಜುವಿನ ಮುಖ ನೋಡಿದೆ. ದೀಪಾವಳಿಯಲ್ಲಿ ನೋಡದೆ ಬಿಟ್ಟಿದ್ದ ಮುಖ ಅದು. ಕಿವಿಯ ತುದಿ ಕೆಂಪಾಗಿತ್ತು, ತುಟಿ ಬಿಗಿದಿತ್ತು. ನಾನು ಹತ್ತಿಯವನು, ಸುಳ್ಳು ಹೇಳಲು ಬಾರದು, ನಿಜ ಹೇಳುವ ಹಾಗಿಲ್ಲ. ಇರುವ ನಿಜಗಳಲ್ಲೇ ಕೈಯಾಡಿಸಿ ಒಂದನ್ನು ಹುಡುಕಿದೆ. "ಅಪ್ಪಟ ಹತ್ತಿ ಮುನಿರಾಜು. ನೂರಕ್ಕೆ ನೂರು. ಒಂದೆಳೆ ಬೆರಕೆ ಇಲ್ಲ" ಎಂದೆ.

"ಬರೀ ಬಾಯಲ್ಲಿ ಹೇಳಿದ್ರೆ ಹೆಂಗೆ ಭಾವ?" ಎಂದವನೇ ಮುನಿರಾಜು ತನ್ನ ಶರಟಿನ ಒಳಗಿನಿಂದ ಒಂದು ಎಳೆ ಕಿತ್ತು, ತಾಯಿಯ ಕೈಯಿಂದ ದೀಪವನ್ನು ಇಸಿದುಕೊಂಡು ನನ್ನ ಮೂಗಿನ ಕೆಳಗೇ ಹಿಡಿದ. ಎಳೆ ಹಳದಿಯಾಗಿ, ಚೊಕ್ಕವಾಗಿ ಉರಿಯಿತು. ಕಾಗದ ಸುಟ್ಟ ವಾಸನೆ ಬಂತು. ಬೂದಿಯನ್ನು ಅವನು ಹೆಬ್ಬೆರಳಿನಲ್ಲಿ ಉಜ್ಜಿ, "ಮಣಿ ಐತಾ? ನೋಡಿ, ಎಲ್ರೂ ನೋಡಿ, ಮಣಿ ಐತಾ?" ಎಂದು ಸುತ್ತ ತೋರಿಸಿದ. ಮಣಿ ಇರಲಿಲ್ಲ. ಸೋದರತ್ತೆ ಚಪ್ಪಾಳೆ ತಟ್ಟಿದರು. ಆಮೇಲೆ ಮುನಿರಾಜು ಗುಂಡಿ ಬಿಚ್ಚಿ ಪಟ್ಟಿಯ ಒಳಮಗ್ಗುಲನ್ನು ಹೊರಳಿಸಿದ. ಅವನ ಶರಟಿನಲ್ಲೂ ಕೆಂಪು ಗೀಟಿನ ಚೂರು, ನನ್ನ ಸಹಿಯ ಬಾಲ. "ಊರೆಲ್ಲ ಸುತ್ತಿ ನಿಮ್ಮ ಮಿಲ್ ಬಟ್ಟೆನೇ ಹುಡುಕ್ದೆ ಭಾವ. ಅಂಗಡಿಯೋನು ಹೇಳ್ದ, ಆಫೀಸರ್ರೇ ಖುದ್ದು ಸೈನ್ ಹಾಕಿರೋ ಮಾಲು ಅಂತ. ನಿಮ್ಮ ಸೈನ್ ನೋಡಿದ ಮೇಲೆ ನಾನು ಬೇರೆ ಬಟ್ಟೆ ಮುಟ್ಲೇ ಇಲ್ಲ. ಇದು ನಿಮ್ಮ ಸೈನೇ ತಾನೆ?" ಅವನ ಕಣ್ಣು ತುಂಬಿತ್ತು. "ನಂದೇ ಕಣೋ" ಎಂದೆ. ನನ್ನ ಕಣ್ಣೂ ತುಂಬಿತು. ನನ್ನದು ಎರಡು ಕಾರಣಕ್ಕೆ.

ಫೋಟೋದಲ್ಲಿ ನಾವಿಬ್ಬರೂ ಹೆಗಲ ಮೇಲೆ ಕೈಹಾಕಿ ನಿಂತಿದ್ದೇವೆ, ಅವನ ಗಾಢ ಪಟ್ಟೆ ನನ್ನ ತಿಳಿ ಪಟ್ಟೆಗೆ ತಾಗಿಕೊಂಡಿದೆ. ಮಂಜುಳ ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಸೋದರತ್ತೆ ತಮ್ಮ ಮೊಮ್ಮಗಳ ಮದುವೆಗೆ ಇದೇ ಬಟ್ಟೆ ಬೇಕು, ಗೆರೆಯೂ ಚುಕ್ಕಿಯೂ ತಪ್ಪಬಾರದು ಎಂದು ಹೇಳಿ ಕಳಿಸಿದ್ದಾರೆ. ಅದನ್ನು ಗೋಪಿನಾಥರ ಹತ್ತಿರ ಹೇಗೆ ಕೇಳಲಿ? ಮಿಲ್ಲಿನಲ್ಲಿ ಅವರ ಎದುರು ನಾನು ತಲೆಯೆತ್ತಿ ಕೂರಬೇಕಾದರೆ, ನಮ್ಮ ಮನೆಯ ಆ ಫೋಟೋ ಅವರ ಕಣ್ಣಿಗೆ ಬೀಳಬಾರದು. ಒಂದು ಸಲ ಅವರು ಮನೆಗೆ ಬರುತ್ತೇನೆಂದಾಗ ನಮ್ಮ ಬೀದಿಯಲ್ಲಿ ಒಳಚರಂಡಿ ಅಗೆದಿದ್ದಾರೆ ಎಂದುಬಿಟ್ಟೆ.

ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆದರೆ ಬಟ್ಟೆ ಅಂದ ಮೇಲೆ ಒಗೆಯಬೇಕು. ಮಗ್ಗದ ಮೇಲೂ ಬಣ್ಣದ ಯಂತ್ರದ ಮೇಲೂ ಹತ್ತಿಯ ನೂಲನ್ನು ಜಗ್ಗಿ ಹಿಡಿದಿರುತ್ತಾರೆ. ನೀರು ಕುಡಿದ ಕೂಡಲೇ ಎಳೆ ಉಬ್ಬುತ್ತದೆ, ಬಿಗಿ ಸಡಿಲಿಸಿ ತನ್ನ ಸಹಜ ಅಳತೆಗೆ ಮರಳುತ್ತದೆ. ಅದಕ್ಕೇ ಒಳ್ಳೆಯ ಬಟ್ಟೆಯನ್ನು ಮಿಲ್ಲಿನಲ್ಲೇ ಮೊದಲು ಕುಗ್ಗಿಸಿ ಆಮೇಲೆ ಹೊರಗೆ ಬಿಡುತ್ತಾರೆ. ನೇರಳೆ ಬಟ್ಟೆಗೆ ಆ ಭಾಗ್ಯ ಸಿಕ್ಕಿರಲಿಲ್ಲ, ಅದಕ್ಕೆ ಮುಂಚೆಯೇ ಕೆಂಪು ಗೀಟು ಬಿದ್ದಿತ್ತು. ಕೆಲವು ಸಲ ಒಗೆಯುವ ಹೊತ್ತಿಗೆ ಶರಟು ನನ್ನ ಹೊಟ್ಟೆಯ ಬಳಿ ಗುಂಡಿ ಹಾಕಲು ಒಪ್ಪಲಿಲ್ಲ. ಮುಂದಿನ ಗೌರಿ ಹಬ್ಬದ ಬೆಳಗ್ಗೆ ಮಂಜುಳ, ಅದನ್ನೇ ಹಾಕಿಕೊಳ್ಳಬೇಕೆಂದು ಹಟ ಹಿಡಿದಳು. ಉಸಿರು ಬಿಗಿಹಿಡಿದು ಹಾಕಿಕೊಂಡು, "ಬಟ್ಟೆ ಕುಗ್ಗಿದೆ ಕಣೇ" ಎಂದೆ. ಅವಳು ಬೆರಳೆತ್ತಿ, "ಘಾಟೀಲಿ ಮಾತು ಕೊಟ್ಟಿದೀರ" ಎಂದಳು. "ಹಾಗಲ್ಲ, ನೀರು ತಾಗಿದ ಎಳೆ..." ಎಂದೆ. "ಹೊಟ್ಟೆ ಬಂದಿದೆ ಅನ್ನಿ. ನನ್ನ ತಮ್ಮನ ಬಟ್ಟೆ ಮೇಲೆ ಹಾಕ್ಬೇಡಿ" ಎಂದಳು.

ಬೀದಿಯ ತುದಿಯಲ್ಲಿ ಬೈಕಿನ ಸದ್ದಾಯಿತು. ಈ ಸಲ ಅದು ನಮ್ಮ ಗೇಟಿನ ಒಳಗೇ ಬಂದು ನಿಂತಿತು. ಮುನಿರಾಜು ಇಳಿಯುವ ಮೊದಲೇ ಹೆಲ್ಮೆಟ್ ತೆಗೆದ. ಅವನೂ ಅದೇ ನೇರಳೆ ಶರಟಿನಲ್ಲಿದ್ದ. ಗುಂಡಿಗಳ ನಡುವೆ ಅವನ ಬನಿಯನ್ ಸಾಲಾಗಿ ಇಣುಕುತ್ತಿತ್ತು. ನಡುಮನೆಯಲ್ಲಿ ಕೂತು ಅಕ್ಕನ ಕೈಗೆ ಬಾಗಿನ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದ. ಬಾಗುವಾಗ 'ಪರ್' ಎಂಬ ಸದ್ದಾಯಿತು, ಮೂವರೂ ಕೇಳಿಸದವರಂತೆ ಇದ್ದೆವು. ಮಂಜುಳ ಬಾಗಿನವನ್ನು ಎದೆಗೊತ್ತಿಕೊಂಡು ತಮ್ಮನ ಮುಖವನ್ನೇ ನೋಡುತ್ತಿದ್ದಳು. ಅವನು ಎದ್ದು ನನ್ನ ಹೊಟ್ಟೆಯನ್ನೂ ತನ್ನ ಹೊಟ್ಟೆಯನ್ನೂ ನೋಡಿ ಗಹಗಹಿಸಿ ನಕ್ಕ. "ಭಾವ, ಇಬ್ರೂ ದಪ್ಪ ಆಗ್ಬಿಟ್ಟಿದೀವಿ! ಹೊಸ ಮನೆ ಊಟ ಇಬ್ರಿಗೂ ಜಾಸ್ತಿ ಆಯ್ತು. ನಾಳೆಯಿಂದ ಬೆಳಿಗ್ಗೆ ವಾಕಿಂಗ್ ಹೋಗೋಣ, ಈ ಶರಟು ಸಡಿಲ ಆಗೋವರೆಗೂ ಬಿಡಬಾರದು." ಮಂಜುಳ ನನ್ನ ಕಡೆ ನೋಡಿದಳು. "ಹೋಗೋಣ" ಎಂದೆ.

ಅಂದಿನಿಂದ ಬೆಳಗಾಗುತ್ತಲೇ ಭಾವ ಭಾಮೈದರಿಬ್ಬರೂ ಘಾಟಿ ರಸ್ತೆಯಲ್ಲಿ ನಡೆಯುತ್ತಿದ್ದೇವೆ. ಮುನಿರಾಜು ದಾರಿಯುದ್ದಕ್ಕೂ ವಿಮಾನದ ಸಾಮಾನುಗಳ ಕಥೆ ಹೇಳುತ್ತಾನೆ, ವಾಪಸು ಬರುವಾಗ ನಮ್ಮ ಮನೆಯಲ್ಲೇ ಕಾಫಿ. ವಾರಕ್ಕೊಮ್ಮೆ ಶರಟು ಹಾಕಿ ನೋಡಿ, "ಇನ್ನೂ ಟೈಟು ಭಾವ, ಸ್ವಲ್ಪ ದೂರ ಜಾಸ್ತಿ ಮಾಡೋಣ" ಎನ್ನುತ್ತಾನೆ. ಕುಗ್ಗಿದ ಹತ್ತಿ ನಾವು ಘಾಟಿಯವರೆಗೆ ನಡೆದರೂ ಹಿಗ್ಗುವುದಿಲ್ಲ ಎಂದು ನನಗೆ ಗೊತ್ತು, ಹೇಳುವ ಹಾಗಿಲ್ಲ. ನಿಜ ಹೇಳಬೇಕೆಂದರೆ, ಹೇಳುವ ಆಸೆಯೂ ಈಗ ಅಷ್ಟಿಲ್ಲ, ಹೇಳಿದರೆ ನಡಿಗೆ ನಿಂತುಹೋಗುತ್ತದೆ.

ಆದರೂ ಪರೀಕ್ಷಕನ ಬುದ್ಧಿ ಎಲ್ಲಿ ಹೋಗುತ್ತದೆ? ಮೊನ್ನೆ ಮಂಜುಳ ಮಾರುಕಟ್ಟೆಗೆ ಹೋಗಿದ್ದಾಗ ಬಾಗಿಲು ಹಾಕಿಕೊಂಡು, ತಪ್ಪು ಬಟ್ಟೆಯದೇ ಎಂದು ನನಗೆ ನಾನೇ ಸಾಬೀತು ಮಾಡಿಕೊಳ್ಳಲು, ಬೀರುವಿನಿಂದ ಬೇರೊಂದು ಶರಟು ತೆಗೆದೆ. ಒಳ್ಳೆಯ ಬಿಳಿ ಶರಟು, ಮದುವೆ ಮುಂಜಿಗೆಂದು ಎತ್ತಿಟ್ಟಿದ್ದು, ಉದ್ದನೆಯ ಬಲಿತ ಎಳೆಯ ಹತ್ತಿ, ಮಿಲ್ಲಿನಲ್ಲೇ ಕುಗ್ಗಿಸಿದ ಬಟ್ಟೆ. ಹಾಕಿಕೊಂಡೆ. ಹೊಟ್ಟೆಯ ಬಳಿ ಗುಂಡಿ ಸೇರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ, ಸೇರಲಿಲ್ಲ. ಇದರ ಅಂಚಿನಲ್ಲಿರುವುದು ಹಸಿರು ಗೀಟು. ನಾನೇ ಪರೀಕ್ಷೆ ಮಾಡಿ, ನೀರಿಗೆ ಕುಗ್ಗುವುದಿಲ್ಲ ಎಂದು ಸಹಿ ಹಾಕಿ ಪಾಸು ಮಾಡಿದ ಬಟ್ಟೆ ಅದು.